ಹಳಿಯ ಮೇಲಿನ ಛಂದಸ್ಸು

ವಯಸ್ಸಿಗೆ ಬಂದ ಮನುಷ್ಯನೊಬ್ಬ ಮೇಜಿನ ಮೇಲೆ ಗೇಣುದ್ದದ ರೈಲುಬಂಡಿಯನ್ನು ಓಡಿಸುತ್ತ ಕುಳಿತಿದ್ದರೆ, ಕಂಡವರಲ್ಲಿ ಬಹುಮಂದಿಗೆ ನಗು ಬರುತ್ತದೆ. ಆ ಬಂಡಿಯನ್ನು ನಡೆಸುವ ನಿಯಂತ್ರಕವನ್ನೂ ಅವನೇ ಮನೆಯಲ್ಲಿ ಕಟ್ಟಿಕೊಂಡಿದ್ದಾನೆ, ಅದಕ್ಕಾಗಿ ಹಲವು ತಿಂಗಳ ಸಂಜೆಗಳನ್ನು ಕಳೆದಿದ್ದಾನೆ ಎಂದು ತಿಳಿದರಂತೂ ಆ ನಗು ಮರುಕಕ್ಕೆ ತಿರುಗುತ್ತದೆ. ಅಂಗಡಿಯಲ್ಲಿ ದೊರೆಯುವ ಪದಾರ್ಥಕ್ಕೆ ಇಷ್ಟೊಂದು ಶ್ರಮವೇಕೆ? ಅದೂ ಆಟದ ಸಾಮಾನಿಗೆ?

ಪ್ರಶ್ನೆ ಸಹಜವಾದುದೇ. ಆದರೆ ಇದಕ್ಕೆ ಉತ್ತರ ಹುಡುಕುತ್ತ ಹೊರಟರೆ ನಾವು ಆಟದ ಕೋಣೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಶಾಲೆಗಳ ಬಾಗಿಲಿಗೆ ಬಂದು ಮುಟ್ಟುತ್ತೇವೆ. ಮನೆಯಲ್ಲಿ ಕಟ್ಟಿದ ಡಿಜಿಟಲ್ ನಿಯಂತ್ರಕದ ಬೆಲೆ ಅದು ಸ್ವಂತದ್ದೆಂಬ ಹೆಮ್ಮೆಯಲ್ಲಿ ಮಾತ್ರ ಇಲ್ಲ. ಯಾರೊಬ್ಬರ ಸೊತ್ತೂ ಅಲ್ಲದ, ಎಲ್ಲರಿಗೂ ಸೇರಿದ ಒಂದು ನಿಯಮವನ್ನು ಅದು ತಪ್ಪದೆ ಪಾಲಿಸುತ್ತದೆಂಬುದರಲ್ಲಿ ಆ ಬೆಲೆ ಇದೆ. ಸ್ವಾತಂತ್ರ್ಯಕ್ಕೂ ನಿಯಮಕ್ಕೂ ವೈರವೆಂದು ತಿಳಿಯುವವರು ಈ ಪುಟ್ಟ ಬಂಡಿಯನ್ನು ನೋಡಿ ಕಲಿಯಬೇಕಾದದ್ದಿದೆ ಎಂಬುದು ನನ್ನ ಅಭಿಪ್ರಾಯ.

ವಾಚಕರಲ್ಲಿ ಅನೇಕರಿಗೆ ವಿಷಯ ಹೊಸದಾಗಿರಬಹುದು. ಆದುದರಿಂದ ಸ್ವಲ್ಪ ಹಿಂದಿನಿಂದ ಹೇಳುವುದು ಒಳ್ಳೆಯದು. ಮಾದರಿ ರೈಲು ಯೂರೋಪು ಮತ್ತು ಅಮೆರಿಕಗಳಲ್ಲಿ ಬೇರೂರಿದ ಹವ್ಯಾಸ. ಜರ್ಮನಿಯ ಮೇರ್ಕ್ಲಿನ್ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ಪಟ್ಟಣದ ಸಂತೆಯಲ್ಲಿ ಕೀಲಿ ಕೊಟ್ಟರೆ ಓಡುವ ರೈಲನ್ನೂ ಅದಕ್ಕೆ ಒಪ್ಪುವ ಗೊತ್ತಾದ ಅಳತೆಯ ಹಳಿಗಳನ್ನೂ ಮಾರಾಟಕ್ಕಿಟ್ಟಿತು. ಮುಂದೆ ಕೀಲಿಯ ಜಾಗಕ್ಕೆ ವಿದ್ಯುತ್ತು ಬಂದಿತು. ಇಂದು ಬಹಳ ಜನ ಬಳಸುವ ಎಚ್‌ಓ ಎಂಬ ಅಳತೆಯಲ್ಲಿ ನಿಜವಾದ ರೈಲು 87ರಲ್ಲಿ ಒಂದು ಪಾಲಾಗಿ ಕುಗ್ಗುತ್ತದೆ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು.

ಹಳೆಯ ಕ್ರಮ ಸರಳವಾದುದು. ಎರಡು ಹಳಿಗಳಿಗೆ ವಿದ್ಯುತ್ತಿನ ಎರಡು ತಂತಿಗಳನ್ನು ಸೇರಿಸುವುದು. ಚಕ್ರಗಳ ಮೂಲಕ ಅದು ಎಂಜಿನಿನೊಳಗಿನ ಮೋಟಾರಿಗೆ ಹೋಗುತ್ತದೆ. ವೋಲ್ಟೇಜನ್ನು ಏರಿಸಿದರೆ ವೇಗ ಏರುತ್ತದೆ. ತಂತಿಗಳನ್ನು ಅದಲುಬದಲು ಮಾಡಿದರೆ ಬಂಡಿ ಹಿಂದಕ್ಕೆ ಹೋಗುತ್ತದೆ. ಆದರೆ ಇಲ್ಲೊಂದು ದೊಡ್ಡ ತೊಡಕಿದೆ. ಇಲ್ಲಿ ಅಪ್ಪಣೆ ಹೋಗುವುದು ಹಳಿಗೆ, ಬಂಡಿಗಲ್ಲ. ಒಂದೇ ಹಳಿಯ ಮೇಲೆ ಎರಡು ಎಂಜಿನುಗಳನ್ನಿಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಇದರಿಂದ ಪಾರಾಗಲು ಹವ್ಯಾಸಿಗಳು ಹಳಿಯನ್ನು ತುಂಡುತುಂಡಾಗಿ ಬೇರ್ಪಡಿಸಿ, ತುಂಡಿಗೊಂದರಂತೆ ಸ್ವಿಚ್ಚು ಹಾಕಿದರು. ಬಂಡಿ ಮುಂದಿನ ತುಂಡಿಗೆ ಹೋಗುವ ಮೊದಲೇ ಸ್ವಿಚ್ಚನ್ನು ತಿರುಗಿಸಬೇಕು. ಎರಡು ಬಂಡಿ ಓಡಿಸುವವನು ಬಂಡಿಗಳನ್ನು ನೋಡಿದ್ದಕ್ಕಿಂತ ಸ್ವಿಚ್ಚುಗಳನ್ನು ನೋಡಿದ್ದೇ ಹೆಚ್ಚಾಗುತ್ತಿತ್ತು.

ಈ ತೊಡಕೇ ಒಂದು ದೊಡ್ಡ ಕತೆಗೆ ಮೊದಲಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ಎಂಐಟಿ ಎಂದು ಲೋಕವೆಲ್ಲ ಬಲ್ಲ ವಿದ್ಯಾಲಯದಲ್ಲಿ, 1946ರಲ್ಲಿ ವಿದ್ಯಾರ್ಥಿಗಳ ಮಾದರಿ ರೈಲು ಸಂಘವೊಂದು ಹುಟ್ಟಿತು. ಅದರಲ್ಲಿ ಎರಡು ಪಂಗಡಗಳಿದ್ದುವು. ಒಂದು ಪಂಗಡದವರಿಗೆ ಮೇಜಿನ ಮೇಲಿನ ಲೋಕ ಪ್ರಿಯ: ಬೆಟ್ಟ, ಸೇತುವೆ, ನಿಲ್ದಾಣ, ಬಣ್ಣ ಬಳಿದ ಬಂಡಿಗಳು. ಇನ್ನೊಂದು ಪಂಗಡದವರಿಗೆ ಮೇಜಿನ ಕೆಳಗಿನ ಲೋಕ. ಅಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಸುವಂಥ ರಿಲೇಗಳೂ ತಂತಿಗಳೂ ಕಾಡಿನಂತೆ ಹಬ್ಬಿದ್ದುವು. ಯಾವ ಹಳಿಯ ತುಂಡು ಯಾರ ವಶದಲ್ಲಿರಬೇಕೆಂಬುದನ್ನು ಈ ರಿಲೇಗಳ ಜಾಲ ತಾನೇ ನಿಶ್ಚಯಿಸುತ್ತಿತ್ತು. ಜಾಣ್ಮೆಯಿಂದ ಮಾಡಿದ ತಾಂತ್ರಿಕ ಕೆಲಸಕ್ಕೆ ಈ ಹುಡುಗರು 'ಹ್ಯಾಕ್' ಎಂದರು. ಹಾಗೆ ಮಾಡುವವನು 'ಹ್ಯಾಕರ್'. ಇಂದು ಕಳ್ಳತನದ ನಾತ ಬಡಿದಿರುವ ಆ ಮಾತಿಗೆ ಅಂದು ಇದ್ದುದು ಕುಶಲಕರ್ಮಿಯ ಗೌರವ.

ಆ ಮೇಜಿನ ಕೆಳಗೆ ತೆವಳಿದ ಹುಡುಗರೇ ಮುಂದೆ ಆ ವಿದ್ಯಾಲಯದ ಕಂಪ್ಯೂಟರುಗಳ ಮುಂದೆ ರಾತ್ರಿಗಳನ್ನು ಕಳೆದರು. ಪಿಡಿಪಿ-1 ಎಂಬ ಗಣಕ 1961ರಲ್ಲಿ ಅಲ್ಲಿಗೆ ಬಂದಿತು. 1962ರಲ್ಲಿ ಅದರ ಮೇಲೆ 'ಸ್ಪೇಸ್‌ವಾರ್' ಎಂಬ ಆಟ ಸಿದ್ಧವಾಯಿತು. ಕಂಪ್ಯೂಟರ್ ಆಟಗಳ ಚರಿತ್ರೆಯಲ್ಲಿ ಅದು ಮೊದಲ ಸಾಲಿನ ಹೆಸರು. ಅದನ್ನು ಆಡುವುದಕ್ಕೆ ಬೇಕಾದ ಕೈಪೆಟ್ಟಿಗೆಗಳನ್ನು ಅವರು ರೈಲು ಸಂಘದಲ್ಲಿ ಬಿದ್ದಿದ್ದ ಬಿಡಿಭಾಗಗಳಿಂದಲೇ ಮಾಡಿಕೊಂಡರು. ಗಂಭೀರವಾದ ವಿದ್ಯೆಯೊಂದು ಆಟದ ಮೇಜಿನ ಅಡಿಯಲ್ಲಿ ಕಣ್ಣು ತೆರೆದ ನಿದರ್ಶನವಿದು. ಆಟವೆಂದು ನಗುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ರಿಲೇಗಳ ಕಾಲ ಕಳೆದು ಎಲೆಕ್ಟ್ರಾನಿಕ್ ಚಿಪ್ಪುಗಳ ಕಾಲ ಬಂದಾಗ, ಅಪ್ಪಣೆಯನ್ನು ಹಳಿಗೆ ಕೊಡದೆ ನೇರವಾಗಿ ಬಂಡಿಗೇ ಕೊಡಬಹುದೆಂಬ ಯೋಚನೆ ಬಲಿಯಿತು. ಇಂಗ್ಲೆಂಡಿನ ಹಾರ್ನ್‌ಬಿ ಸಂಸ್ಥೆ 1979ರಲ್ಲಿ 'ಝೀರೊ ಒನ್' ಎಂಬ ವ್ಯವಸ್ಥೆಯನ್ನು ತಂದಿತು. ಮೇರ್ಕ್ಲಿನ್ ಸಂಸ್ಥೆ 1980ರ ದಶಕದಲ್ಲಿ ತನ್ನದೊಂದನ್ನು ತಂದಿತು. ಆದರೆ ಪ್ರತಿಯೊಬ್ಬರದೂ ಒಂದೊಂದು ಭಾಷೆ. ಒಬ್ಬರ ನಿಯಂತ್ರಕದ ಮಾತು ಇನ್ನೊಬ್ಬರ ಎಂಜಿನಿಗೆ ತಿಳಿಯದು. ಒಂದು ಸಂಸ್ಥೆಯ ಸಾಮಾನನ್ನು ಕೊಂಡವನು ಜೀವಮಾನವೆಲ್ಲ ಅದರ ಒಕ್ಕಲಾಗಿ ಉಳಿಯಬೇಕು. ಮಾರುವವರಿಗೆ ಇದು ಹಿತವಾಗಿದ್ದಿರಬಹುದು; ವಿದ್ಯೆಗೆ ಹಿತವಲ್ಲ.

ಇಲ್ಲಿ ನೆರವಿಗೆ ಬಂದದ್ದು ಹವ್ಯಾಸಿಗಳ ಸಂಘ. ಅಮೆರಿಕದಲ್ಲಿ 1935ರಲ್ಲಿ ಸ್ಥಾಪಿತವಾದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್, ಹಳಿ ಚಕ್ರಗಳ ಅಳತೆಗೆ ಮೊದಲಿನಿಂದಲೂ ಸರ್ವಸಮ್ಮತವಾದ ನಿಯಮಗಳನ್ನು ಕೊಡುತ್ತ ಬಂದಿದ್ದ ಸಂಸ್ಥೆ. ಜರ್ಮನಿಯ ಲೆಂಝ್ ಸಂಸ್ಥೆ 1980ರ ದಶಕದ ಕೊನೆಗೆ ರೂಪಿಸಿದ್ದ ಕ್ರಮವನ್ನು ಆಧಾರವಾಗಿಟ್ಟುಕೊಂಡು, 1990ರ ದಶಕದಲ್ಲಿ ಅದು ಒಂದು ನಿಯಮಾವಳಿಯನ್ನು ಅಂಗೀಕರಿಸಿತು. ಅದರ ಹೆಸರು ಡಿಜಿಟಲ್ ಕಮ್ಯಾಂಡ್ ಕಂಟ್ರೋಲ್, ಚುಟುಕಾಗಿ ಡಿಸಿಸಿ. ಆ ನಿಯಮಾವಳಿ ಗುಟ್ಟಾಗಿ ಉಳಿಯಲಿಲ್ಲ. ಅಚ್ಚಾಗಿ ಎಲ್ಲರ ಕೈಗೂ ಬಂದಿತು. ದೊಡ್ಡ ಕಾರ್ಖಾನೆಯವನೂ ಓದಬಹುದು, ಹೈಸ್ಕೂಲಿನ ಹುಡುಗನೂ ಓದಬಹುದು. ಮನೆಯಲ್ಲಿ ನಿಯಂತ್ರಕ ಕಟ್ಟುವುದು ಸಾಧ್ಯವಾದದ್ದು ಈ ಒಂದು ಔದಾರ್ಯದಿಂದ.

ಆ ನಿಯಮಾವಳಿಯಲ್ಲಿ ಏನಿದೆ? ಸಾಹಿತ್ಯದ ವಿದ್ಯಾರ್ಥಿಗಳು ಹೆದರಬೇಕಾದ್ದಿಲ್ಲ. ಅದು ನಮಗೆ ಪರಿಚಿತವಾದ ವಸ್ತುವೇ: ಲಘು ಗುರುಗಳ ಛಂದಸ್ಸು.

ಡಿಸಿಸಿಯಲ್ಲಿ ಹಳಿಯ ಮೇಲೆ ವಿದ್ಯುತ್ತು ಯಾವಾಗಲೂ ಪೂರ್ಣ ಪ್ರಮಾಣದಲ್ಲಿರುತ್ತದೆ. ಆದರೆ ಅದರ ದಿಕ್ಕು ಸೆಕೆಂಡಿಗೆ ಸಾವಿರಾರು ಸಲ ಹಿಂದುಮುಂದಾಗುತ್ತಿರುತ್ತದೆ. ಒಂದು ದಿಕ್ಕಿನಲ್ಲಿ 58 ಮೈಕ್ರೊಸೆಕೆಂಡು, ಮತ್ತೆ ಎದುರು ದಿಕ್ಕಿನಲ್ಲಿ 58 ಮೈಕ್ರೊಸೆಕೆಂಡು ಇದ್ದರೆ ಅದು 'ಒಂದು'. ಮೈಕ್ರೊಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ. ಎರಡು ದಿಕ್ಕಿನಲ್ಲೂ ನೂರುನೂರು ಮೈಕ್ರೊಸೆಕೆಂಡು ನಿಂತರೆ ಅದು 'ಸೊನ್ನೆ'. ಹ್ರಸ್ವವಾದುದು ಲಘು, ದೀರ್ಘವಾದುದು ಗುರು; ಇಷ್ಟೇ. ವಿದ್ಯುತ್ತೇ ಮಾತು, ಮಾತೇ ವಿದ್ಯುತ್ತು. ಎಂಜಿನಿನ ಹೊಟ್ಟೆಯಲ್ಲಿ ಕುಳಿತ ಡಿಕೋಡರ್ ಎಂಬ ಪುಟ್ಟ ಯಂತ್ರ ಆ ವಿದ್ಯುತ್ತನ್ನು ಉಂಡು ಮೋಟಾರಿಗೆ ಬಡಿಸುತ್ತದೆ. ಅದರ ಲಘು ಗುರುಗಳನ್ನು ಎಣಿಸಿ ಅಪ್ಪಣೆಯನ್ನೂ ತಿಳಿದುಕೊಳ್ಳುತ್ತದೆ.

ಪದ್ಯದ ಕಟ್ಟು ಹೀಗೆ. ಮೊದಲು ಹದಿನಾಲ್ಕು ಲಘುಗಳಾದರೂ ಸಾಲಾಗಿ ಬರಬೇಕು. ಕಛೇರಿಗೆ ಮುಂಚೆ ಶ್ರುತಿ ಕೂಡಿಸಿದಂತೆ. ಅನಂತರ ಒಂದು ಗುರು. ಇದು ಪದ್ಯ ಪ್ರಾರಂಭವಾಯಿತೆಂಬ ಸೂಚನೆ. ಆಮೇಲೆ ಎಂಟು ಅಕ್ಷರಗಳಲ್ಲಿ ಎಂಜಿನಿನ ಸಂಖ್ಯೆ, ಒಂದು ಗುರು, ಎಂಟು ಅಕ್ಷರಗಳಲ್ಲಿ ಅಪ್ಪಣೆ, ಮತ್ತೊಂದು ಗುರು, ಎಂಟು ಅಕ್ಷರಗಳಲ್ಲಿ ತಪ್ಪೊಪ್ಪುಗಳ ತಾಳೆ, ಕಡೆಗೊಂದು ಲಘು. ಒಟ್ಟು 42 ಅಕ್ಷರ. ಎಂಟಕ್ಷರಕ್ಕೊಮ್ಮೆ ವಿಧಿಯಾಗಿ ಗುರು ಬರುವುದರಿಂದ ಪದ್ಯದ ನಡುವೆ ಹದಿನಾಲ್ಕು ಲಘುಗಳು ಎಂದೂ ಸಾಲಾಗಿ ಬರಲಾರವು. ಆದುದರಿಂದ ಮೊದಲ ಶ್ರುತಿಯನ್ನು ಬೇರೆ ಯಾವುದೋ ಮಾತೆಂದು ಬಂಡಿ ತಪ್ಪು ತಿಳಿಯುವ ಭಯವಿಲ್ಲ. ನಮ್ಮ ಛಂದಸ್ಸಿನಲ್ಲಿ ಮೂರು ಅಕ್ಷರಗಳ ಲಘುಗುರು ವಿನ್ಯಾಸದಿಂದ ಎಂಟು ಗಣಗಳಾದರೆ, ಇಲ್ಲಿ ಎಂಟು ಅಕ್ಷರಗಳಿಂದ 256 ಗಣಗಳು. ಲೆಕ್ಕ ಒಂದೇ. ಪಿಂಗಳನಿಗೆ ರೈಲು ಗೊತ್ತಿತ್ತೆಂದು ಹೇಳುವ ಪೊಳ್ಳು ಹೆಮ್ಮೆ ನಮಗೆ ಬೇಡ. ಎರಡೇ ಗುರುತುಗಳಿಂದ ಎಷ್ಟನ್ನಾದರೂ ಕಟ್ಟಬಹುದೆಂಬ ತಿಳಿವು ಮನುಷ್ಯನಿಗೆ ಬಹು ಕಾಲದಿಂದ ಒದಗಿ ಬಂದಿದೆ ಎಂದರೆ ಸಾಕು.

ಉದಾಹರಣೆಗೆ, ಮೂರನೆಯ ಸಂಖ್ಯೆಯ ಎಂಜಿನು ಮುಂದಕ್ಕೆ ನಡೆಯಬೇಕೆಂದು ಹೇಳಬೇಕಾಗಿದೆ ಎನ್ನಿ. ಅದರ ಸಂಖ್ಯೆ 00000011. ಮುಂದಕ್ಕೆ ಇಂಥ ವೇಗದಲ್ಲಿ ನಡೆ ಎಂಬ ಅಪ್ಪಣೆ 01101000. ಇವೆರಡನ್ನೂ ಒಂದರ ಕೆಳಗೊಂದು ಬರೆದು, ಮೇಲೂ ಕೆಳಗೂ ಅಂಕಿ ಒಂದೇ ಆದಲ್ಲಿ ಸೊನ್ನೆಯನ್ನೂ ಬೇರೆಯಾದಲ್ಲಿ ಒಂದನ್ನೂ ಇಟ್ಟರೆ 01101011 ಎಂದಾಗುತ್ತದೆ. ಇದೇ ತಾಳೆ. ಡಿಕೋಡರ್ ತಾನೂ ಈ ಲೆಕ್ಕವನ್ನು ಮಾಡುತ್ತದೆ. ಹೊಂದಿದರೆ ಅಪ್ಪಣೆಯನ್ನು ನಡೆಸುತ್ತದೆ, ಹೊಂದದಿದ್ದರೆ ಸುಮ್ಮನಿರುತ್ತದೆ. ಅರೆಬರೆ ಕೇಳಿದ ಮಾತನ್ನು ನಂಬಿ ನುಗ್ಗುವ ಸ್ವಭಾವ ಅದಕ್ಕಿಲ್ಲ. ಈ ಇಡೀ ಪದ್ಯವನ್ನು ಹಾಡಿ ಮುಗಿಸಲು ಸೆಕೆಂಡಿನ ಸಾವಿರದಲ್ಲಿ ಆರು ಭಾಗದಷ್ಟು ಕಾಲ ಸಾಕು. ಹಳಿಯ ಮೇಲೆ ಧೂಳಿರಬಹುದು, ಚಕ್ರ ಅರೆಕ್ಷಣ ತಪ್ಪಿರಬಹುದು. ಆದುದರಿಂದ ನಿಯಂತ್ರಕ ಅದೇ ಮಾತನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುತ್ತಲೇ ಇರುತ್ತದೆ. ಉಪಾಧ್ಯಾಯರಿಗೆ ಇದು ಹೊಸ ಅನುಭವವೇನೂ ಅಲ್ಲ.

ಈ ನಿಯಮಾವಳಿಯಲ್ಲಿ ನನ್ನನ್ನು ಬಹಳವಾಗಿ ಮೆಚ್ಚಿಸಿದ ಮಾತು ಇನ್ನೊಂದಿದೆ. ಹೇಳುವ ಯಂತ್ರ ತನ್ನ ಲಘುವನ್ನು 55ರಿಂದ 61 ಮೈಕ್ರೊಸೆಕೆಂಡುಗಳ ಒಳಗೆ ಇಡಬೇಕು. ಆದರೆ ಕೇಳುವ ಯಂತ್ರ 52ರಿಂದ 64ರವರೆಗಿನದನ್ನೂ ಲಘುವೆಂದು ಒಪ್ಪಿಕೊಳ್ಳಬೇಕು. ಹೇಳುವವನು ಮೊದಲಿಗೆ ಹದಿನಾಲ್ಕು ಲಘುಗಳನ್ನು ಕೊಡಲೇಬೇಕು. ಕೇಳುವವನು ಹನ್ನೆರಡಕ್ಕಿಂತ ಹೆಚ್ಚು ಬೇಕೆಂದು ಹಠ ಹಿಡಿಯಬಾರದು. ಮಾತನಾಡುವಾಗ ಬಿಗಿ, ಕೇಳುವಾಗ ಉದಾರ. ಸಭ್ಯತೆಯ ಇಡೀ ಸಾರವನ್ನು ಎಂಜಿನಿಯರುಗಳು ನಾಲ್ಕು ಅಂಕಿಗಳಲ್ಲಿ ಬರೆದಿಟ್ಟಿದ್ದಾರೆ. ಗುರುವನ್ನು ಪ್ಲುತದಂತೆ ಬಹಳ ಹೊತ್ತು ಎಳೆಯುವುದಕ್ಕೂ ನಿಯಮ ಅವಕಾಶ ಕೊಟ್ಟಿದೆ. ಹಾಗೆ ಒಂದು ಮಗ್ಗುಲಿಗೆ ಎಳೆದಾಗ ಉಳಿಯುವ ವಿದ್ಯುತ್ತಿನಿಂದ ಡಿಕೋಡರ್ ಇಲ್ಲದ ಹಳೆಯ ಎಂಜಿನನ್ನೂ ಓಡಿಸಬಹುದು. ಹೊಸಬರ ನಡುವೆ ಹಳಬನಿಗೂ ಒಂದು ಜಾಗವನ್ನು ಬಿಟ್ಟಿದ್ದಾರೆ.

ಇನ್ನು ಇದನ್ನು ಮನೆಯಲ್ಲಿ ಕಟ್ಟುವವನ ಕಡೆಗೆ ಬರೋಣ. ಅವನಿಗೆ ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಇಟಲಿಯ ಇವ್ರೇಯಾ ಊರಿನಲ್ಲಿ 2005ರ ಹೊತ್ತಿಗೆ ವಿದ್ಯಾರ್ಥಿಗಳಿಗೆಂದು ರೂಪುಗೊಂಡ ಆರ್ಡುಯಿನೊ ಎಂಬ ಅಂಗೈಯಗಲದ ಗಣಕ ಹಲಗೆಯೊಂದು. ಅದರ ನಕ್ಷೆಯೂ ಎಲ್ಲರಿಗೂ ತೆರೆದದ್ದೇ. ವಿದ್ಯುತ್ತಿನ ದಿಕ್ಕನ್ನು ತಿರುಗಿಸುವ ನಾಲ್ಕು ಎಲೆಕ್ಟ್ರಾನಿಕ್ ಸ್ವಿಚ್ಚುಗಳ ಒಂದು ಕಟ್ಟು. ಮನೆಯ ಮುಖ್ಯ ವಿದ್ಯುತ್ತಿನಿಂದ ಸುರಕ್ಷಿತವಾಗಿ ಬೇರ್ಪಟ್ಟ ಸಣ್ಣ ವೋಲ್ಟೇಜಿನ ಪೂರೈಕೆ. ವೇಗ ತಿರುಗಿಸಲು ಒಂದು ಗುಂಡಿ. ಆರ್ಡುಯಿನೊ ಹಲಗೆಗಳಲ್ಲಿ ಬಹಳ ಬಳಕೆಯಲ್ಲಿರುವ ಊನೊ ಎಂಬುದರ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ; ಮೈಕ್ರೊಸೆಕೆಂಡಿಗೆ 16 ಮಿಡಿತ. 58 ಮೈಕ್ರೊಸೆಕೆಂಡಿನ ಲಘುವಿಗೆ 928 ಮಿಡಿತ ಎಣಿಸಬೇಕು. ನೂರರ ಗುರುವಿಗೆ 1,600. ಎಣಿಸಿ ಮುಗಿದೊಡನೆ ದಿಕ್ಕನ್ನು ತಿರುಗಿಸಬೇಕು. ಕಾರ್ಯಕ್ರಮದ ಹೃದಯ ಇಷ್ಟೇ.

ಆದರೆ ಇಷ್ಟನ್ನು ಸರಿಮಾಡುವುದರಲ್ಲಿಯೇ ವಿದ್ಯೆ ಅಡಗಿದೆ. ಗಣಕವು ಪರದೆಯ ಮೇಲೆ ಏನನ್ನೋ ಬರೆಯುವುದರಲ್ಲಿ ಮಗ್ನವಾಗಿ ಕೆಲವೇ ಮೈಕ್ರೊಸೆಕೆಂಡು ತಡಮಾಡಿದರೆ ಲಘು ಹೋಗಿ ಲಘುವೂ ಅಲ್ಲದ ಗುರುವೂ ಅಲ್ಲದ ಒಂದು ವಿಕಾರ ಹುಟ್ಟುತ್ತದೆ, ಛಂದೋಭಂಗವಾಗುತ್ತದೆ. ಬಂಡಿಗೆ ಹೊಸ ಅಪ್ಪಣೆ ಮುಟ್ಟುವುದಿಲ್ಲ. ನಿಲ್ಲೆಂದರೆ ನಿಲ್ಲದೆ ಹಿಂದಿನ ಅಪ್ಪಣೆಯಂತೆಯೇ ಓಡುತ್ತದೆ. ಆಗ ಕಟ್ಟಿದವನು ಯೋಚಿಸಬೇಕು: ಮಾಡಬೇಕಾದ ಕೆಲಸಗಳಲ್ಲಿ ಯಾವುದು ಮೊದಲು, ಯಾವುದು ಕಾಯಬಹುದು? ಅದೇ ರೀತಿ, ಬಂಡಿಯೊಂದು ಹಳಿ ತಪ್ಪಿದರೆ ಅದರ ಲೋಹದ ಚಕ್ರ ಎರಡು ಹಳಿಗಳನ್ನೂ ಜೋಡಿಸಿಬಿಡುತ್ತದೆ. ಹಳಿಯಲ್ಲಿ ಪೂರ್ಣ ವಿದ್ಯುತ್ತಿರುವುದರಿಂದ ಕಣ್ಣೆವೆಯಿಕ್ಕುವ ಮೊದಲೇ ಅದನ್ನು ಕಡಿದುಹಾಕದಿದ್ದರೆ ಚಕ್ರವೋ ಸ್ವಿಚ್ಚೋ ಸುಟ್ಟುಹೋಗುವ ಅಪಾಯವುಂಟು. ಹರಿಯುವ ವಿದ್ಯುತ್ತನ್ನು ಸದಾ ಅಳೆಯುತ್ತಿರುವ ಕಾವಲನ್ನೂ ಅವನೇ ಕಟ್ಟಬೇಕು. ಶಕ್ತಿಯನ್ನು ಕೈಗೆ ತೆಗೆದುಕೊಂಡವನು ಅದನ್ನು ತಡೆಯುವ ಉಪಾಯವನ್ನೂ ಮೊದಲೇ ಇಟ್ಟುಕೊಂಡಿರಬೇಕೆಂಬ ಪಾಠ ಯಾವ ನೀತಿಗ್ರಂಥದಿಂದಲೂ ಇಷ್ಟು ನಿಚ್ಚಳವಾಗಿ ಮನಸ್ಸಿಗೆ ಹತ್ತದು.

ಇದರ ವಿರುದ್ಧವಾಗಿ ಹೇಳಬಹುದಾದ ಮಾತುಗಳು ಇಲ್ಲದಿಲ್ಲ. ಅಂಗಡಿಯ ನಿಯಂತ್ರಕ ಇದಕ್ಕಿಂತ ಚೆಲುವಾಗಿರುತ್ತದೆ, ಕೆಟ್ಟರೆ ಬದಲಾಯಿಸಿಕೊಡುತ್ತಾರೆ ಎನ್ನಬಹುದು. ನಿಜ. ಬಂಡಿ ಓಡುವುದೊಂದೇ ಗುರಿಯಾದರೆ ಕೊಳ್ಳುವುದೇ ವಿವೇಕ. ಊಟವೊಂದೇ ಬೇಕಾದವನು ಹೋಟೆಲಿಗೆ ಹೋಗುವುದು ತಪ್ಪಲ್ಲ. ಆದರೆ ಅಡಿಗೆಯನ್ನು ಕಲಿತೆನೆಂದು ಅವನು ಹೇಳಿಕೊಳ್ಳಬಾರದು.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದುದು. ಡಿಸಿಸಿ ಪ್ಲಸ್ ಪ್ಲಸ್ ಎಂಬಂಥ ಸಿದ್ಧ ಕಾರ್ಯಕ್ರಮಗಳನ್ನು ಹವ್ಯಾಸಿಗಳೇ ಬರೆದು ಎಲ್ಲರಿಗೂ ಧರ್ಮಾರ್ಥವಾಗಿ ಕೊಟ್ಟಿದ್ದಾರೆ. ಅದನ್ನು ಹಾಗೆಯೇ ಇಳಿಸಿಕೊಂಡು ಹಲಗೆಗೆ ತುಂಬಿದರೆ ಅರ್ಧ ದಿನದಲ್ಲಿ ಬಂಡಿ ಓಡುತ್ತದೆ. ಇದರಲ್ಲಿ 'ಸ್ವಂತ'ದ್ದೆಂಬುದು ಏನುಳಿಯಿತು? ಇದಕ್ಕೆ ನನ್ನ ಉತ್ತರವಿಷ್ಟು: ಪರರ ಕಾರ್ಯಕ್ರಮವನ್ನು ತೆಗೆದುಕೊಳ್ಳುವುದು ದೋಷವಲ್ಲ, ಓದದೆ ತೆಗೆದುಕೊಳ್ಳುವುದು ದೋಷ. ಹಿರಿಯ ಕವಿಗಳ ಕಾವ್ಯವನ್ನು ಓದಿ, ಅದರ ನಡೆಯನ್ನು ಕಿವಿಗೆ ತಂದುಕೊಂಡು ಬರೆಯುವವನನ್ನು ನಾವು ಕಳ್ಳನೆನ್ನುವುದಿಲ್ಲ. ಒಂದು ಸಾಲನ್ನು ಬದಲಿಸಿದರೆ ಏನಾಗುತ್ತದೆಂದು ಹೇಳಬಲ್ಲವನಾದರೆ, ಆ ಕಾರ್ಯಕ್ರಮ ಅವನದೂ ಆಯಿತು.

ಕೊಟ್ಟದ್ದನ್ನು ತೆಗೆದುಕೊಳ್ಳುವುದಕ್ಕೂ ಒಂದು ಮರ್ಯಾದೆಯುಂಟು. ಈ ಮರ್ಯಾದೆಯನ್ನು ಕಾನೂನಿನ ಮಾತಾಗಿ ಎತ್ತಿಹಿಡಿದ ಒಂದು ಮುಖ್ಯ ತೀರ್ಪು ಈ ಆಟದ ರೈಲುಗಳಿಂದಲೇ ಬಂದಿದೆಯೆಂಬುದು ಬಹುಮಂದಿಗೆ ತಿಳಿದಿರಲಾರದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಜೇಕಬ್‌ಸನ್ ಎಂಬ ಹವ್ಯಾಸಿ, ಇತರರೊಡನೆ ಸೇರಿ, ಕಂಪ್ಯೂಟರಿನಿಂದ ಮಾದರಿ ರೈಲುಗಳನ್ನು ನಡೆಸುವ ಜೆಎಂಆರ್‌ಐ ಎಂಬ ತಂತ್ರಾಂಶವನ್ನು ರಚಿಸಿ ಎಲ್ಲರಿಗೂ ಕೊಟ್ಟರು. ಷರತ್ತು ಸಣ್ಣದು: ಬರೆದವರ ಹೆಸರನ್ನು ಅಳಿಸಕೂಡದು, ಏನನ್ನು ಬದಲಿಸಿದ್ದೀರೆಂದು ಹೇಳಬೇಕು. ಅದೇ ಬಗೆಯ ತಂತ್ರಾಂಶವನ್ನು ಮಾರುತ್ತಿದ್ದವರೊಬ್ಬರು ಅದರ ಕೆಲವು ಕಡತಗಳನ್ನು ಈ ಷರತ್ತನ್ನು ಪಾಲಿಸದೆ ಬಳಸಿಕೊಂಡರೆಂಬ ವಿವಾದ ನ್ಯಾಯಾಲಯಕ್ಕೆ ಹೋಯಿತು. ಧರ್ಮಕ್ಕೆ ಕೊಟ್ಟ ವಸ್ತುವಿನ ಷರತ್ತನ್ನು ಮೀರಿದರೆ ಅದು ಕರಾರಿನ ಭಂಗವಾದೀತೇ ಹೊರತು ಕೃತಿಸ್ವಾಮ್ಯದ ಉಲ್ಲಂಘನೆಯಾಗದೆಂಬ ನಿಲುವನ್ನು ಕೆಳಗಿನ ನ್ಯಾಯಾಲಯ ತಳೆದಿತ್ತು. 2008ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹಣ ಪಡೆಯದೆ ಕೊಟ್ಟದ್ದಾದರೂ ಅಂಥ ಷರತ್ತಿಗೆ ಕೃತಿಸ್ವಾಮ್ಯದ ಬಲವಿದೆಯೆಂದು ಅದು ಹೇಳಿತು. 2010ರಲ್ಲಿ ಉಭಯಪಕ್ಷಗಳೂ ರಾಜಿಯಾದುವು. ಮುಕ್ತವಾಗಿ ಹಂಚಿದ ತಂತ್ರಾಂಶಗಳನ್ನು ರಚಿಸುವವರೆಲ್ಲರಿಗೂ ಆ ತೀರ್ಪು ಒಂದು ಆಸರೆಯಾಗಿ ನಿಂತಿದೆ. ದಾನವೆಂದರೆ ಅನಾಥ ವಸ್ತುವಲ್ಲ. ಕೊಟ್ಟವನ ಹೆಸರು ಅದರೊಡನೆ ಬರುತ್ತದೆ. ಕೃತಿಚೌರ್ಯದ ಮಾತನ್ನು ಆಗಾಗ ಕೇಳುತ್ತಿರುವ ಸಾಹಿತ್ಯಲೋಕಕ್ಕೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಮೂರನೆಯ ಆಕ್ಷೇಪ ನಮ್ಮ ದೇಶಕ್ಕೆ ಹತ್ತಿರವಾದುದು. ಇದು ಹಣವಂತ ದೇಶಗಳ ವಿನೋದ. ಎಂಜಿನುಗಳ ಬೆಲೆ ನಮ್ಮ ಮಧ್ಯಮ ವರ್ಗದ ಮನೆಗೂ ಭಾರ. ಇದನ್ನು ನಮ್ಮ ಹುಡುಗರ ಮುಂದೆ ಹೇಳಿ ಪ್ರಯೋಜನವೇನು? ಎಂಜಿನುಗಳ ವಿಷಯದಲ್ಲಿ ಈ ಮಾತು ಸರಿ. ಆದರೆ ನಾನು ಹೊಗಳುತ್ತಿರುವುದು ಎಂಜಿನನ್ನಲ್ಲ, ಅದನ್ನು ಆಳುವ ಪದ್ಯವನ್ನು ಕಟ್ಟುವ ವಿದ್ಯೆಯನ್ನು. ಅದನ್ನು ಕೇಳಿ ಅರ್ಥಮಾಡಿಕೊಳ್ಳುವ ಡಿಕೋಡರನ್ನೂ ಇನ್ನೊಂದು ಅಂಥದೇ ಹಲಗೆಯಿಂದ ಕಟ್ಟಬಹುದು. ಎಂಜಿನಿನ ಬದಲು ಒಂದು ಸಣ್ಣ ಮೋಟಾರು, ಒಂದು ದೀಪ ಸಾಕು. ಕೇಂದ್ರ ಸರ್ಕಾರದ ಅಟಲ್ ಯೋಜನೆಯಲ್ಲಿ 2016ರಿಂದೀಚೆಗೆ, ಕರ್ನಾಟಕವೂ ಸೇರಿ, ದೇಶದ ಸಾವಿರಾರು ಶಾಲೆಗಳಲ್ಲಿ ಕೈಗೆಲಸದ ಪ್ರಯೋಗಶಾಲೆಗಳು ತೆರೆದಿವೆ. ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ನೆರವು ಗೊತ್ತಾಗಿದೆ. ಆರ್ಡುಯಿನೊ ಹಲಗೆಗಳು ಅಲ್ಲಿಯ ಸಾಮಾನ್ಯ ಸಲಕರಣೆ. ಹಾಗಿರಲು ಸಾಮಗ್ರಿಯ ಕೊರತೆಯೊಂದನ್ನೇ ಮುಂದೆ ಮಾಡುವುದು ಎಲ್ಲ ಕಡೆಗೂ ಸಲ್ಲುವ ಮಾತಲ್ಲ.

ಕೊರತೆ ಇರುವುದು ನಾವು ಕಲಿಸುವ ಕ್ರಮದಲ್ಲಿ. ಪ್ರಯೋಗವೆಂದರೆ ಮೊದಲೇ ತಿಳಿದ ಫಲವನ್ನು ದಾಖಲೆ ಪುಸ್ತಕದಲ್ಲಿ ಅಂದವಾಗಿ ಬರೆಯುವುದೆಂಬ ಅಭ್ಯಾಸ ನಮ್ಮ ತರಗತಿಗಳಲ್ಲಿ ಇನ್ನೂ ಹೋಗಿಲ್ಲ. ಹೊಸ ಪ್ರಯೋಗಶಾಲೆಗಳಲ್ಲಿಯೂ ಪೆಟ್ಟಿಗೆಯೊಳಗೆ ಬಂದ ಬಿಡಿಭಾಗಗಳನ್ನು ಚೀಟಿಯಲ್ಲಿ ಹೇಳಿದಂತೆ ಜೋಡಿಸಿ, ಅತಿಥಿಗಳು ಬಂದ ದಿನ ಓಡಿಸಿ, ಮತ್ತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಆ ಅಭ್ಯಾಸವೇ ಹೊಸ ಅಂಗಿ ತೊಟ್ಟು ಬಂದಂತಾಯಿತು. ಹುಡುಗರಿಗೆ ಚೀಟಿಯನ್ನು ಕೊಡಬೇಡಿ. ನಿಯಮಾವಳಿಯನ್ನು ಕೊಡಿ ಎಂಬುದು ನನ್ನ ಬಿನ್ನಹ. ಇಂಥ ದಾಖಲೆಯೊಂದನ್ನು, ಮಾಸ್ತರರ ನೆರವಿನಿಂದ, ಅವರೇ ಓದಲಿ. ಅದನ್ನು ಕನ್ನಡದಲ್ಲಿ ಬರೆದುಕೊಳ್ಳಲಿ. ಲಘು ಗುರು ಎಂಬ ಮಾತುಗಳು ಅದಕ್ಕೆ ಸಿದ್ಧವಾಗಿಯೇ ಇವೆ. ವಿಜ್ಞಾನದ ಮಾಸ್ತರರೂ ಕನ್ನಡ ಪಂಡಿತರೂ ಒಂದೇ ಮೇಜಿನ ಬಳಿ ನಿಲ್ಲುವ ಅಪೂರ್ವ ಸಂದರ್ಭ ಒದಗಲಿ. ಒಂದು ತಂಡ ಹೇಳುವ ಯಂತ್ರವನ್ನು ಕಟ್ಟಲಿ, ಇನ್ನೊಂದು ತಂಡ ಕೇಳುವ ಯಂತ್ರವನ್ನು ಕಟ್ಟಲಿ. ಕಟ್ಟುವಾಗ ಪರಸ್ಪರ ನೋಡಿಕೊಳ್ಳಬಾರದು. ಅಚ್ಚಾದ ನಿಯಮವೊಂದೇ ಇಬ್ಬರ ನಡುವಿನ ಸೇತುವೆ. ಕಡೆಗೆ ಎರಡನ್ನೂ ಜೋಡಿಸಿದಾಗ ಮೋಟಾರು ತಿರುಗಿದರೆ, ಓದುವುದು ಬರೆಯುವುದು ಎಂಬ ಮಾತುಗಳಿಗೆ ಇರುವ ನಿಜವಾದ ಅರ್ಥವನ್ನು ಆ ಹುಡುಗರು ಕಂಡಂತಾಯಿತು. ತಿರುಗದಿದ್ದರೆ ಇನ್ನೂ ಒಳ್ಳೆಯದು; ತಪ್ಪು ಹೇಳಿದವರದೋ ಕೇಳಿದವರದೋ ಎಂದು ನಿಯಮವನ್ನು ಮುಂದಿಟ್ಟುಕೊಂಡು ವಾದಿಸಲಿ. ಗದ್ದಲವಿಲ್ಲದೆ, ಆಧಾರ ತೋರಿಸಿ ವಾದಿಸುವುದನ್ನು ಕಲಿತವರು ನಮ್ಮ ಸಾರ್ವಜನಿಕ ಜೀವನಕ್ಕೂ ಬೇಕಾಗಿದ್ದಾರೆ.

ನಮ್ಮ ಸುತ್ತಣ ಯಂತ್ರಗಳು ದಿನದಿನಕ್ಕೂ ಹೆಚ್ಚು ಚೆಲುವಾಗುತ್ತಿವೆ, ದಿನದಿನಕ್ಕೂ ಹೆಚ್ಚು ಮುಚ್ಚಿಕೊಳ್ಳುತ್ತಿವೆ. ಒಳಗೇನಿದೆಯೆಂದು ಕೇಳದೆ ಬಳಸುವ ಜನಾಂಗವೊಂದು ಬೆಳೆಯುತ್ತಿದೆ. ಬಳಸುವುದರಲ್ಲಿ ಅವರು ನಮಗಿಂತ ಚತುರರು. ಆದರೆ ಯಂತ್ರ ಮುನಿದ ದಿನ ಅವರು ನಮ್ಮಷ್ಟೇ ಅಸಹಾಯಕರು. ಎಲ್ಲರೂ ಎಲ್ಲವನ್ನೂ ಮನೆಯಲ್ಲಿ ಕಟ್ಟಬೇಕೆಂದು ಯಾರೂ ಹೇಳಲಾರರು. ಆದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವುದಾದರೂ ಒಂದು ಯಂತ್ರವನ್ನು ಅದರ ಕಟ್ಟಕಡೆಯ ಲಘುವಿನವರೆಗೆ ತಿಳಿದಿರಬೇಕು. ಒಂದನ್ನು ಹಾಗೆ ತಿಳಿದವನು ಉಳಿದ ಯಂತ್ರಗಳ ಮುಂದೆ ಕೈಮುಗಿದು ನಿಲ್ಲುವುದಿಲ್ಲ. ಇದನ್ನೂ ನನ್ನಂಥ ಮನುಷ್ಯರೇ ಮಾಡಿದ್ದು, ಇದಕ್ಕೂ ಒಂದು ನಿಯಮವಿರಬೇಕು, ಅದನ್ನು ತೋರಿಸಿ ಎಂದು ಕೇಳುತ್ತಾನೆ. ಆ ಕೇಳುವ ಧೈರ್ಯವನ್ನು ಕೊಡಬಲ್ಲುದಾದರೆ, ಗೇಣುದ್ದದ ರೈಲಿಗಾಗಿ ಕಳೆದ ಸಂಜೆಗಳು ದುಬಾರಿಯಾದವೆಂದು ನಾನಂತೂ ಹೇಳಲಾರೆ.